ಮುತ್ತುಸೆಲ್ವಿ ಯಾರ ಹೆಸರು ಬರೆದಳು

ಮುತ್ತುಸೆಲ್ವಿ ಮೊದಲ ಸಲ ತಮಿಳು ಸೀಮೆಯ ಹನುಮಂತನಪಟ್ಟಿಗೆ ಬಂದ ದಿನ ಪೊನ್ನಮ್ಮಾಳ್ ದ್ರಾಕ್ಷಿ ಚಪ್ಪರದ ಕೆಳಗೆ ಕುಳಿತು ಒಣಕಡ್ಡಿ ಆಯುತ್ತಿದ್ದಳು. ಸ್ಕೂಟಿ ನಿಲ್ಲಿಸಿದ ಹುಡುಗಿ ತಮಿಳಿನಲ್ಲಿ ಶುರುಮಾಡಿ, ಅರ್ಧಕ್ಕೆ ಮನೆಮಾತಾದ ಕನ್ನಡಕ್ಕೆ ಹೊರಳಿ, ಅಲ್ಲೇ ಎಡವಿ ನಕ್ಕುಬಿಟ್ಟಳು. ಕೊಂಬೈ ಊರಿನವಳು, ಅದೇ ಮಾತಾಡುವ ನಮ್ಮವರ ಪೈಕಿಯೇ. ತೇನಿಯ ಕಾಲೇಜಿನಲ್ಲಿ ಓದುತ್ತ, ಸಂಜೆ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳಿ ತನ್ನ ಖರ್ಚು ತಾನೇ ನೋಡಿಕೊಳ್ಳುವವಳು. ಹಳೆಯ ದ್ರಾಕ್ಷಿ ಬೇಸಾಯದ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರೆಯಬೇಕಿತ್ತು.

ಆಮೇಲೆ ವಾರವಾರ ಬಂದಳು. ಕೊಟ್ಟ ಮಜ್ಜಿಗೆಗೆ ಉಪ್ಪು ಸಾಲದೆಂದು ದೂರುವಷ್ಟು ಸಲುಗೆ ಬೆಳೆಯಿತು. ಒಂದು ದಿನ, ಬರೆದದ್ದನ್ನು ಮನೆಮಾತಿಗೆ ತಿರುಗಿಸಿ ಓದಿದಳು: "ಪೊನ್ನಮ್ಮಾಳ್ ಪ್ರಕಾರ, ಸವರಿದ ಬಳ್ಳಿಯ ಕತ್ತರಿಸಿದ ತುದಿಯಿಂದ ನೀರು ತೊಟ್ಟಿಕ್ಕಿದರೆ ಬೇರು ಎಚ್ಚರಾಗಿದೆ."

ಪೊನ್ನಮ್ಮಾಳ್ ಕೈಯ ಕಡ್ಡಿ ಕೆಳಗಿಟ್ಟಳು. "ಅದು ನಾ ಹೇಳಿದ್ದಲ್ಲ ಕೂಸೆ, ಮನೆಯವರು ಹೇಳಿದ್ದು. ಅವರ ಮಾತು ನನ್ನ ಪೇರಲ್ಲಿ ಅಚ್ಚಾದ್ರೆ ಈ ಚಪ್ಪರದಡಿ ನಾ ಹೆಂಗೆ ಕೂರ್ಲಿ?"

"ಹಂಗಾದ್ರೆ ಅವರ ಪೇರು ಹೇಳವ್ವ. ಇಂಗ್ಲಿಷಲ್ಲಿ ಯಾರ ಮಾತೋ ಅವರ ಪೇರು ಜೊತೆಗೇ ಹಾಕ್ಬೇಕು. ನಾಳೆ ಮೇಡಂಗೆ ಕೊಡ್ಬೇಕು. ಪೇರಿಲ್ಲದ ಕಡೆಯೆಲ್ಲ 'ಯಾರು ಹೇಳಿದ್ದು' ಅಂತ ಕೆಂಪು ಶಾಯೀಲಿ ಗೀಚ್ತಾರೆ."

ಮದುವೆಯಾದಾಗಿನಿಂದ ಗಂಡನ ಹೆಸರು ಪೊನ್ನಮ್ಮಾಳ್ ಬಾಯಲ್ಲಿ ಬಂದದ್ದಿಲ್ಲ. ಅವರು ತೀರಿಹೋದ ಮೇಲೂ ಇಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದಲ್ಲಿದ್ದವರೇ ಹೇಳುತ್ತಿದ್ದರು. ಇವತ್ತು ಮಾತ್ರ ಪಕ್ಕದವರನ್ನು ಕರೆದು ಹೇಳಿಸಲು ಅವಳಿಗೆ ಮನಸ್ಸಾಗಲಿಲ್ಲ.

"ಬೆಟ್ಟ ಎತ್ತಿದೋರ ಪೇರು," ಎಂದಳು.

"ಹನುಮಂತನ್!"

"ಅವನಿಗೆ ಊರನ್ನೇ ಕೊಟ್ಟಾಗಿದೆ, ಮನೆಯವರನ್ನೂ ಕೊಡ್ಲಾ? ಕಿರುಬೆರಳಲ್ಲಿ ಎತ್ತಿದೋರು. ಹಸ ಮೇಯಿಸ್ದೋರು. ಇವಳು ಟೀಚರಮ್ಮ ಬೇರೆ!"

"ಕೃಷ್ಣನ್?"

"ಹತ್ರ ಬಂದೆ. ತಿರುಪತಿ ಬೆಟ್ಟ ಹತ್ತುವಾಗ ಏನಂತ ಕೂಗ್ತಾರೆ?"

"ಗೋವಿಂದಾ... ಗೋವಿಂದನ್!"

ಪೊನ್ನಮ್ಮಾಳ್ ಸೆರಗು ಬಾಯಿಗಿಟ್ಟುಕೊಂಡು ಹೌದೆಂದು ತಲೆಯಾಡಿಸಿದಳು.

ಮುತ್ತುಸೆಲ್ವಿ ತನ್ನ ಸಾಲನ್ನು ಹೊಡೆದುಹಾಕಿ 'ಗೋವಿಂದನ್ ಪ್ರಕಾರ' ಎಂದು ಬರೆದು, ಬೆರಳಿಟ್ಟು ತೋರಿಸಿದಳು. ತನ್ನ ಹೆಸರಿನ ತಮಿಳಕ್ಷರ ಬಿಟ್ಟರೆ ಹೆಚ್ಚೇನೂ ಓದಲು ಬಾರದ ಪೊನ್ನಮ್ಮಾಳ್ ಆ ಇಂಗ್ಲಿಷ್ ಗೀಟುಗಳನ್ನು ಬಹಳ ಹೊತ್ತು ನೋಡಿದಳು. ಮುಖ ಅರಳಿತ್ತು.

"ಆ ಬಳ್ಳಿ ನೀರಿಗೆ ಬೆಳಿಗ್ಗೆ ಇರುವೆ ಬರೋದು ಮಾತ್ರ ನಾ ಕಂಡಿದ್ದು. ಅದನ್ನ ಅವರ ತಲೆಗೆ ಕಟ್ಟಬೇಡ."

ಸ್ಕೂಟಿಯತ್ತ ಹೊರಟಿದ್ದ ಮುತ್ತುಸೆಲ್ವಿ ಮತ್ತೆ ಬಂದು ಕುಳಿತು ಪೆನ್ನಿನ ಮುಚ್ಚಳ ತೆಗೆದಳು. "ಹಂಗಾದ್ರೆ ಇರುವೆಗೆ ನಿನ್ನ ಪೇರು. 'ಪೊನ್ನಮ್ಮಾಳ್ ಹೇಳ್ತಾರೆ' ಅಂತ ಹಾಕ್ಲಾ, 'ಪೊನ್ನಮ್ಮಾಳ್ ಕಂಡಿದ್ದಾರೆ' ಅಂತ ಹಾಕ್ಲಾ, ಅವ್ವ?"