ನಲವತ್ತೊಂದು ಹೆಸರುಗಳ ಪುಟ

ಹಳೆಯ ಪುಸ್ತಕಗಳಿಗೆ ಬಿಸಿಲು ತೋರಿಸುವಾಗ ನಮ್ಮ ಮಹಿಳಾ ಸಮಾಜದ ಸ್ಮರಣ ಸಂಚಿಕೆಯಿಂದ ಒಂದು ಚೀಟಿ ಕಳಚಿ ಬಿತ್ತು. ಹಿಂಬದಿಯಲ್ಲಿ ಒಣಗಿದ ಅಂಟಿನ ಕಂದು ಕಲೆ. ಎತ್ತಿಕೊಂಡಾಗ ಆ ಶನಿವಾರ ನೆನಪಾಯಿತು... ಎಲ್ಲವೂ ಎಂದಿನಂತಿದ್ದ ಕೊನೆಯ ದಿನ.

ಅರುವತ್ತರ ದಶಕದ ಆರಂಭ. ಸಮಾಜಕ್ಕೆ ಇಪ್ಪತ್ತೈದು ವರ್ಷ ತುಂಬಲಿತ್ತು. ಕಾರ್ಯದರ್ಶಿಯಾಗಿದ್ದವರು ಮಂಗಳೂರಿನ ಫಳ್ನೀರಿನ ನಿವೃತ್ತ ಶಿಕ್ಷಕಿ, ಕೊಂಕಣಿ ಮಾತಿನ ಕ್ರೈಸ್ತ ಮನೆಯವರು. ನಮಗೆಲ್ಲ ಅವರು ಬಾಯಮ್ಮ. ನಾನು ಅವರ ಹಳೆಯ ವಿದ್ಯಾರ್ಥಿನಿ. ಸಂಚಿಕೆಯಲ್ಲಿ ಸಂದೇಶ, ಜಾಹೀರಾತು ಏನೇ ಇರಲಿ, ಒಂದು ಪುಟದ ವಿಷಯದಲ್ಲಿ ಅವರು ಕದಲಲಿಲ್ಲ. ಸಮಾಜ ಕಟ್ಟಿದ ಹೆಂಗಸರೆಲ್ಲರ ಹೆಸರು ಅದರಲ್ಲಿ ಬರಬೇಕು, ಅವರವರ ಸ್ವಂತ ಹೆಸರೇ ಬರಬೇಕು. ದಾಖಲೆ ಪುಸ್ತಕದಲ್ಲಿದ್ದುದೆಲ್ಲ ‘ಶ್ರೀಮತಿ’ಯ ಮುಂದೆ ಗಂಡಂದಿರ ಹೆಸರು. ಸಮಿತಿಯವರು ಅದನ್ನೇ ಹಾಕಿದರೆ ಸಾಕೆಂದರು. ಬಾಯಮ್ಮ ಕೊಡೆ ಹಿಡಿದು ಮನೆಮನೆಗೆ ಹೊರಟರು. ಜೊತೆಗೆ ನಾನು.

ಉರ್ವದಲ್ಲಿ ಒಬ್ಬ ಮುದುಕಿ ಹೆಸರು ಕೇಳಿದ್ದಕ್ಕೆ ನಕ್ಕುಬಿಟ್ಟರು. ಗಂಡನ ಹೆಸರು ಬಾಯಿಬಿಟ್ಟು ಹೇಳುವ ಹಾಗಿಲ್ಲ, ತನ್ನ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ, ಬರೆಯುವುದೇ ಬೇಡ ಎಂದರು.

“ಹಾಗಾದ್ರೆ ಇಷ್ಟು ವರ್ಷ ಮೀಟಿಂಗಿಗೆ ಬಂದದ್ದು ಯಾರು ಮಾರಾಯ್ತಿ?” ಎಂದರು ಬಾಯಮ್ಮ.

ಮುದುಕಿ ಸೆರಗು ಸರಿಮಾಡಿಕೊಂಡು, “ಕಲ್ಯಾಣಿ” ಎಂದರು, ಬೇರೆ ಯಾರದ್ದೋ ಹೆಸರು ಹೇಳುವ ಹಾಗೆ.

ಆ ಶನಿವಾರ ಪ್ರೆಸ್ಸಿನಲ್ಲಿ ಕೊನೆಯ ಪ್ರೂಫ್ ನೋಡಿದೆವು. ಸೀಮೆಎಣ್ಣೆ, ಮಸಿಯ ವಾಸನೆ. ಬಾಯಮ್ಮ ತಮ್ಮ ಕೈಬರಹದ ಪಟ್ಟಿಯಿಂದ ಒಂದೊಂದೇ ಹೆಸರು ಓದಿದರು, ನಾನು ಪ್ರೂಫಿನ ಮೇಲೆ ಬೆರಳಿಟ್ಟುಕೊಂಡು ಹೋದೆ. ನಲವತ್ತೊಂದು. ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಸಹಿ ಹಾಕಿದೆ.

“ಇನ್ನು ಯಾರೂ ಬಿಟ್ಟುಹೋಗ್ಲಿಲ್ಲ” ಎಂದು ಅವರು ಕನ್ನಡಕ ಮಡಚಿದರು. ಸೋಮವಾರ ರಟ್ಟಿನ ಬಣ್ಣ ಆರಿಸಲು ಬರುತ್ತೇನೆಂದು ಹೇಳಿ ಬಸ್ಸು ಹತ್ತಿದರು.

ಭಾನುವಾರ ಇಗರ್ಜಿಗೆ ಹೊರಟವರು ಮನೆಯ ಮೆಟ್ಟಿಲಲ್ಲೇ ಕುಸಿದರು... ಸೋಮವಾರ ನಾವೆಲ್ಲ ಅವರನ್ನು ಮಣ್ಣು ಮಾಡಲು ಹೋಗಿದ್ದಾಗ ಪ್ರೆಸ್ಸಿನಲ್ಲಿ ಆ ಪುಟ ಅಚ್ಚಾಗುತ್ತಿತ್ತು.

ಆ ವಾರದ ಕೊನೆಗೆ ನೋಡಿದರೆ, ಸ್ಥಾಪಕರಲ್ಲಿ ಒಬ್ಬರಾಗಿದ್ದ ಅವರ ಹೆಸರೇ ಪಟ್ಟಿಯಲ್ಲಿರಲಿಲ್ಲ. ಮುನ್ನುಡಿಯ ಕೆಳಗೂ ‘ಕಾರ್ಯದರ್ಶಿ’ ಎಂದಷ್ಟೇ ಇತ್ತು. ತಮ್ಮನ್ನು ಬರೆದುಕೊಳ್ಳಲು ಅವರು ಮರೆತಿದ್ದರು. ನಾನು ಕೈಬರಹಕ್ಕೆ ಹೋಲಿಸಿ ನೋಡಿದ್ದೆ. ಅದರಲ್ಲೇ ಇಲ್ಲದ್ದು ನನಗೆ ಕಾಣಲಿಲ್ಲ. ಅಷ್ಟರಲ್ಲಿ ಪ್ರೆಸ್ಸಿನವರು ಅಚ್ಚಿನ ಮೊಳೆಗಳನ್ನು ಬಿಚ್ಚಿ ಗೂಡುಗಳಿಗೆ ಹಾಕಿಯಾಗಿತ್ತು, ಆ ಪುಟವನ್ನು ಮತ್ತೆ ಅಚ್ಚು ಹಾಕುವ ಹಾಗಿರಲಿಲ್ಲ. ಅವರ ಹೆಸರಿನದೊಂದು ಚೀಟಿ ಮಾಡಿಸಿ, ಪ್ರತಿಯೊಂದು ಸಂಚಿಕೆಗೂ ನಾನೇ ಅಂಟಿಸಿದೆ.

ಅಂಟು ಎಷ್ಟು ಕಾಲ ಹಿಡಿದೀತು... ಈಗ ಯಾರ ಮನೆಯಲ್ಲಿ ಆ ಸಂಚಿಕೆ ಕಂಡರೂ ಕೇಳಿ ತೆಗೆದುಕೊಂಡು, ಚೀಟಿ ಉದುರಿದ ಜಾಗದಲ್ಲಿ ಅವರ ಹೆಸರನ್ನು ಶಾಯಿಯಿಂದ ಬರೆಯುತ್ತೇನೆ. ಬೇಡವೆಂದವರಿದ್ದಾರೆ, ಆದರೂ ಬರೆದಿದ್ದೇನೆ. ಇವತ್ತು ನನ್ನ ಪ್ರತಿಯಲ್ಲೂ ಬರೆದೆ.

ಅಚ್ಚಿನಲ್ಲಿರುವುದು ನಲವತ್ತೊಂದು ಹೆಸರು. ಅವರದ್ದು ಇಲ್ಲ.