ಕೆಂಪು ಬೊಟ್ಟಿನ ಬಸವನಹುಳುಗಳು

ನನ್ನ ಹಳೆಯ ಕ್ಷೇತ್ರ ದಿನಚರಿಯಲ್ಲಿ ಒಂದು ತಿದ್ದುಪಡಿ ಇದೆ. ಸಾಲಾಗಿ ಕೆಲವು ತಾರೀಖುಗಳನ್ನು ಪೆನ್ಸಿಲಿನಿಂದ ಹೊಡೆದು ಪ್ರತಿಯೊಂದರ ಪಕ್ಕದಲ್ಲಿ ಮರುದಿನದ ತಾರೀಖು ಬರೆದಿದ್ದೇನೆ. ಕೊನೆಯದರ ಕೆಳಗೆ ಎರಡೇ ಪದ, ‘ಅಮ್ಮ ಹೇಳಿದ್ದು’. ಆ ಅಮ್ಮ ನನ್ನ ತಾಯಿಯಲ್ಲ. ತೀರ್ಥಹಳ್ಳಿಯಿಂದ ಮೇಗರವಳ್ಳಿಗೆ ಹೋಗುವ ರಸ್ತೆಯ ಪಕ್ಕದ ಒಂದು ಗೌಡರ ಮನೆಯ ಯಜಮಾನಿ. ಯಾವ ತಾರೀಖನ್ನೂ ಎರಡು ಕಡೆಯಿಂದ ತಾಳೆ ನೋಡದೆ ಬರೆಯದ ನನ್ನ ಅಭ್ಯಾಸ ಶುರುವಾದದ್ದು ಅವರಿಂದ.

ಎಪ್ಪತ್ತರ ದಶಕದ ಕೊನೆಯ ಭಾಗ. ಸಾಗರದಲ್ಲಿ ಗಣಿತ ಪಾಠ ಹೇಳಿಕೊಂಡಿದ್ದ ನಾನು ಪಿಎಚ್.ಡಿ.ಗೆ ನೋಂದಾಯಿಸಿಕೊಂಡು ಆಗಲೇ ಹಲವು ವರ್ಷಗಳಾಗಿದ್ದವು. ನನ್ನ ವಿಷಯ ಯಾದೃಚ್ಛಿಕ ನಡಿಗೆ. ಪ್ರತಿ ಹೆಜ್ಜೆಗೂ ದಿಕ್ಕನ್ನು ಚೀಟಿ ಎತ್ತಿ ನಿರ್ಧರಿಸುವ ನಡಿಗೆಯನ್ನು ಊಹಿಸಿಕೊಳ್ಳಿ. ಅಂಥ ನಡಿಗೆಗಾರನೊಬ್ಬ ಎಲ್ಲಿಗೆ ಹೋಗುತ್ತಾನೆಂದು ಯಾರೂ ಹೇಳಲಾರರು. ಆದರೆ ಅಂಥವರು ನೂರಾರು ಮಂದಿ ಇದ್ದರೆ, ಅವರೆಲ್ಲ ಹೊರಟ ಜಾಗದಿಂದ ಎಷ್ಟು ಹರಡುತ್ತಾರೆಂದು ಲೆಕ್ಕ ಖಚಿತವಾಗಿ ಹೇಳುತ್ತದೆ: ನಾಲ್ಕು ಪಟ್ಟು ಕಾಲ ಕಳೆದರೆ ಎರಡು ಪಟ್ಟು ದೂರ ಮಾತ್ರ. ನೀರಿನಲ್ಲಿ ನಡುಗುವ ಪರಾಗದ ಕಣಕ್ಕೂ ಲೋಟದ ನೀರಿಗೆ ಬಿದ್ದ ಶಾಯಿಯ ಹನಿಗೂ ಇದೇ ನಿಯಮ. ಪ್ರಾಣಿಗಳಿಗೂ ಇದು ಸಲ್ಲುತ್ತದೆಯೇ ಎಂಬುದು ನನ್ನ ಪ್ರಶ್ನೆಯಾಗಿತ್ತು. ಹಕ್ಕಿಗಳ ಬೆನ್ನು ಹತ್ತುವ ಶಕ್ತಿ ನನಗಿರಲಿಲ್ಲ. ಅದಕ್ಕಾಗಿ ಬಸವನಹುಳುಗಳನ್ನು ಆರಿಸಿಕೊಂಡೆ.

ಮಳೆಗಾಲ ಮುಗಿಯುವವರೆಗೆ ರಜೆ ಸಿಕ್ಕಿತ್ತು. ಆ ಮನೆಯ ಜಗಲಿಯ ಪಕ್ಕದ ಕೋಣೆಯಲ್ಲಿ ಉಳಿದುಕೊಂಡೆ. ಮನೆಯ ಹಿಂದೆ ಗೊಬ್ಬರಕ್ಕೆ ಸೊಪ್ಪು ಕಡಿಯುವ ಸೊಪ್ಪಿನಬೆಟ್ಟ. ಅದರ ಇಳಿಜಾರಿಗೆ ಅಡ್ಡಲಾಗಿ ದನ ಹೋಗುವ ದಾರಿ. ದಾರಿಯ ಮೇಲ್ಗಡೆ ಗೋಡೆಯಂತೆ ಎದ್ದ ಮಣ್ಣಿನ ದರೆ, ಕೆಳಗಡೆ ಅಗಳು, ಅಂದರೆ ಬೇಲಿಯ ಬದಲು ತೋಡಿದ ಆಳವಾದ ಕಾಲುವೆ. ಬಿದಿರಿನ ಗೂಟ ನೆಟ್ಟು ಜಾಗವನ್ನು ಚೌಕಗಳಾಗಿ ಗುರುತಿಸಿದೆ. ಪ್ರತಿ ಹುಳುವಿನ ಚಿಪ್ಪಿನ ಮೇಲೆ ಕಪ್ಪು ಅಂಕಿ, ತರಗೆಲೆಯ ನಡುವೆ ಕಣ್ಣಿಗೆ ಬೀಳಲೆಂದು ಒಂದು ಕೆಂಪು ಬಣ್ಣದ ಚುಕ್ಕಿ. ದಿನವೂ ಹತ್ತು ಗಂಟೆಗೆ ಹೋಗಿ ಯಾವುದು ಎಲ್ಲಿದೆ ಎಂದು ಅಳೆದು ಬರೆಯುವುದು, ಇಷ್ಟೇ ಕೆಲಸ.

ಮನೆಯ ಯಜಮಾನರಿಗೆ ಇದೊಂದು ದೊಡ್ಡ ತಮಾಷೆ. ಬಂದವರಿಗೆಲ್ಲ ನನ್ನನ್ನು ಪರಿಚಯಿಸುತ್ತಿದ್ದುದೇ ಹೀಗೆ: “ನಾವು ದನ ಮೇಯಿಸ್ತೀವಿ, ನಮ್ಮ ಮೇಷ್ಟ್ರು ಹುಳ ಮೇಯಿಸ್ತಾರೆ. ಅವರ ಕೆಲ್ಸ ವಾಸಿ, ಓಡಿ ಹಿಡಿಯೋದು ಇಲ್ಲ.”

ಅಳತೆಗಳು ಕೂಡಿಕೊಂಡಂತೆ ಒಂದು ವಿಚಿತ್ರ ಕಾಣತೊಡಗಿತು. ಹುಳುಗಳು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತಿರಲಿಲ್ಲ. ಒಟ್ಟಿನಲ್ಲಿ ಅವು ಇಳಿಜಾರಿನ ಮೇಲಕ್ಕೆ, ದರೆಯ ಕಡೆಗೆ ಸರಿಯುತ್ತಿದ್ದವು. ಯಾದೃಚ್ಛಿಕ ನಡಿಗೆಗೆ ಒಂದೇ ದಿಕ್ಕಿನ ಸಣ್ಣ ಒಲವು ಸೇರಿದರೆ ಕಥೆಯೇ ಬದಲಾಗುತ್ತದೆ. ನಾಲ್ಕು ಪಟ್ಟು ಕಾಲದಲ್ಲಿ ಒಲವು ನಾಲ್ಕು ಪಟ್ಟು ದೂರ ಒಯ್ಯುತ್ತದೆ, ಕೊನೆಗೆ ಎಲ್ಲವನ್ನೂ ಅದೇ ಆಳುತ್ತದೆ. ಮಳೆ ನೀರಿನಿಂದ ತಪ್ಪಿಸಿಕೊಳ್ಳಲು ಇವು ಎತ್ತರ ಹುಡುಕುತ್ತವೆ ಎಂದು ನಾನು ತರ್ಕಿಸಿದೆ. ಮಾರ್ಗದರ್ಶಕರಿಗೆ ಬರೆದೆ. ಅವರಿಗೂ ಹಿಡಿಸಿತು, ಒಂದು ವಿಚಾರಸಂಕಿರಣಕ್ಕೆ ಸಾರಾಂಶ ಕಳಿಸಿಯೂ ಬಿಟ್ಟರು. ನನ್ನ ನೋಂದಣಿಯ ಅವಧಿ ಆ ವರ್ಷಕ್ಕೆ ಮುಗಿಯುತ್ತಿತ್ತು. ಈ ಮಳೆಗಾಲದ ಅಂಕಿಗಳ ಮೇಲೆಯೇ ಪ್ರಬಂಧ ನಿಲ್ಲಬೇಕಿತ್ತು. ಇನ್ನೊಂದು ಮಳೆಗಾಲ ನನಗಿರಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಮಳೆ ಬಿಟ್ಟಿತೆಂದು ಏಳು ಗಂಟೆಗೇ ಬೆಟ್ಟಕ್ಕೆ ಹೋದೆ. ಅಮ್ಮ ದನಗಳ ಮುಂದೆ ಬಗ್ಗಿಕೊಂಡು ನಡೆಯುತ್ತಿದ್ದರು. ಅಂಗೈಯಲ್ಲಿ ಕೆಂಪು ಚುಕ್ಕಿಯ ಒಂದು ಹುಳು.

“ಎಂತ ಮಾಡ್ತಾ ಇದ್ದೀರಿ ಅಮ್ಮ?”

“ನಿಮ್ಮ ಹುಳ ಮೇಷ್ಟ್ರೇ. ದಾರಿ ಮಧ್ಯ ಬಂದು ಕೂತಿತ್ತು. ದನ ತುಳಿದ್ರೆ ಆಮೇಲೆ ನೀವು ಹುಡುಕ್ಕೊಂಡು ಸಾಯ್ಬೇಕಲ್ಲ.” ಹೇಳುತ್ತಲೇ ಅದನ್ನು ದರೆಯ ಮೇಲಿಟ್ಟರು.

“ದಿನಾ ಹೀಗೇ ಎತ್ತಿಡ್ತೀರಾ?”

“ಮತ್ತೆ? ಬೇರೆದನ್ನೂ ಎತ್ತಿಡ್ತೀನಿ. ಆದ್ರೆ ಕುಂಕುಮ ಇಟ್ಟಿದ್ದನ್ನ ಸ್ವಲ್ಪ ಮೇಲೇ ಇಡ್ತೀನಿ. ಬೊಟ್ಟಿಟ್ಟ ಬಸವಣ್ಣನ ತುಳಿಸ್ಲಿಕ್ಕೆ ಆಗ್ತದಾ?”

“ಕೆಳಗಡೆ ಯಾಕೆ ಇಡಲ್ಲ?”

“ಕೆಳಗೆ ಅಗಳಲ್ದಾ ಮಾರಾಯ್ರೆ! ಬಿದ್ರೆ ನೀರಿನ ಸಂಗಡ ಹೊಳೆಗೇ ಹೋಗ್ತಾವೆ.”

ನನ್ನ ಮುಖ ನೋಡಿ ಅವರಿಗೆ ಏನೋ ತಪ್ಪಾಗಿದೆಯೆಂದು ಹೊಳೆಯಿತು. ಜಗಲಿಗೆ ಬಂದು ವಿಷಯ ಬಿಡಿಸಿ ಹೇಳಿದಾಗ ಯಜಮಾನರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿ ನಕ್ಕರು. “ನೋಡು, ಮೇಷ್ಟ್ರ ಹುಳ ಗುಡ್ಡ ಹತ್ತಿದ್ದು ನಿನ್ನ ಕಾಲಲ್ಲಿ!” ಅಮ್ಮ ನಗಲಿಲ್ಲ. “ನಿಮ್ಮ ಪರೀಕ್ಷೆ ಹೋಯ್ತಾ ನನ್ನಿಂದ?” ಎಂದು ಕೇಳಿದರು. ಇಲ್ಲ ಎಂದೆ. ಅದು ಸುಳ್ಳಾಗಿತ್ತು.

ಆ ವಾರ ಸಾಗರಕ್ಕೆ ಹೊರಟವನು ಬಸ್ಸು ಬದಲಿಸಲು ಹೊಸನಗರದಲ್ಲಿ ಇಳಿದೆ. ಮುಂದಿನ ಬಸ್ಸಿಗೆ ಬಹಳ ಹೊತ್ತಿತ್ತು. ನಾನು ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ವಿಶ್ವವಿದ್ಯಾಲಯದಿಂದ ಯಾರು ಬಂದು ಆ ದಾರಿಯಲ್ಲಿ ದನದ ಮುಂದೆ ನಡೆದಾರು? ಈ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಹೆದರಿಕೆಯಾಯಿತು. ಅಂಚೆ ಕಚೇರಿಗೆ ಹೋಗಿ ಇನ್‌ಲ್ಯಾಂಡ್ ಪತ್ರ ಕೊಂಡು, ನಡೆದದ್ದೆಲ್ಲವನ್ನೂ ಮಾರ್ಗದರ್ಶಕರಿಗೆ ಬರೆದು ಅಲ್ಲಿಯೇ ಡಬ್ಬಿಗೆ ಹಾಕಿದೆ.

ಅವರ ಉತ್ತರ ಹತ್ತು ದಿನಕ್ಕೆ ಬಂತು. ಸಾರಾಂಶವನ್ನು ಹಿಂತೆಗೆದುಕೊಂಡಿದ್ದರು. ಗದರಿಕೆ ಇರಲಿಲ್ಲ. ಯಾವ ದಿನ ಆ ಕೈ ಸೋಕಿದೆ, ಯಾವ ದಿನ ಸೋಕಿಲ್ಲ ಎಂಬುದನ್ನು ಖಚಿತವಾಗಿ ಬೇರ್ಪಡಿಸಲು ಸಾಧ್ಯವಾದರೆ ಅಂಕಿಗಳು ಉಳಿಯುತ್ತವೆ, ಇಲ್ಲವಾದರೆ ಇಲ್ಲ, ದೀಪಾವಳಿಯೊಳಗೆ ತಿಳಿಸಬೇಕು ಎಂದಷ್ಟೇ ಬರೆದಿದ್ದರು. ಆ ಒಂದು ಕಾಗದಕ್ಕೆ ನಾನು ಇಂದಿಗೂ ಋಣಿ.

ಅಮ್ಮ ಹಿತ್ತಲ ಕಡೆ ಹಲಸಿನ ಬೀಜ ಸಿಪ್ಪೆ ಬಿಡಿಸುತ್ತ ಕೂತಿದ್ದಾಗ ದಿನಚರಿ ಹಿಡಿದು ಎದುರು ಕೂತೆ. ಅವರಿಗೆ ಇಂಗ್ಲಿಷ್ ತಿಂಗಳುಗಳ ಗೊಡವೆ ಇರಲಿಲ್ಲ. ಅವರ ಕಾಲವೆಲ್ಲ ಮಳೆ ನಕ್ಷತ್ರಗಳದ್ದು. ಆರಿದ್ರೆ ಮಳೆಯುದ್ದಕ್ಕೂ ದನ ಬೆಟ್ಟಕ್ಕೆ ಹೋಗಿದ್ದವು. ಪುನರ್ವಸು ಹಿಡಿದುಕೊಂಡಾಗ ಕೊಟ್ಟಿಗೆಯಲ್ಲೇ ಇದ್ದವು, ಹುಲ್ಲು ಕೊಯ್ದು ಹಾಕಿದ್ದು. ಪುಷ್ಯದಲ್ಲಿ ನಾಟಿ, ಬೆಳಕು ಹರಿದರೆ ಎಲ್ಲರೂ ಗದ್ದೆಯಲ್ಲಿ, ಆಗಲೂ ದನ ಹೋಗಿಲ್ಲ. ಪಂಚಾಂಗ ನೋಡಿ ಪ್ರತಿಯೊಂದನ್ನೂ ನನ್ನ ತಾರೀಖುಗಳಿಗೆ ಹೊಂದಿಸಿದೆ. ದನ ಹೋಗದ ದಿನಗಳಲ್ಲಿ ಒಲವು ಮಾಯವಾಗಿತ್ತು! ಹುಳುಗಳು ತಮ್ಮ ಪಾಡಿಗೆ ತಾವು, ಲೆಕ್ಕ ಹೇಳಿದಂತೆಯೇ ಹರಡಿದ್ದವು.

ಆದರೆ ನಾಟಿಯ ದಿನಗಳ ನಡುವೆ ಒಂದೇ ಒಂದು ದಿನ ಹುಳುಗಳು ಮೇಲಕ್ಕೆ ಜಿಗಿದಂತಿತ್ತು. ಅದಕ್ಕೆ ಕಾರಣ ಸಿಗದೆ ಉಳಿದರೆ ಅಮ್ಮನ ನೆನಪನ್ನು ನಂಬಿ ಕಟ್ಟಿದ್ದೆಲ್ಲ ಅನುಮಾನಕ್ಕೆ ಗುರಿ.

“ನಾಟಿ ಹೊತ್ತಿಗೆ ಒಂದು ದಿನ ದನ ಹೋಗಿರ್ಬೇಕಲ್ಲ ಅಮ್ಮ?”

“ಅಮಾವಾಸ್ಯೆ ದಿನ ಹೋಗಿದ್ವು. ಅವತ್ತು ಗದ್ದೆಗೆ ಇಳಿಯೋ ಕ್ರಮ ಇಲ್ಲ. ಮನೇಲೇ ಇದ್ದೆ, ಹೊಡ್ಕೊಂಡು ಹೋದೆ.”

ಪಂಚಾಂಗ ನೋಡಿದೆ. ಅಮಾವಾಸ್ಯೆ ಜಿಗಿತದ ಮರುದಿನ ಇತ್ತು. “ಒಂದು ದಿನ ವ್ಯತ್ಯಾಸ ಬರ್ತಾ ಇದೆ. ನಿಮಗೆ ಮರೆತಿರ್ಬಹುದು.”

“ಅಮಾವಾಸ್ಯೆ ಮರೆಯೋದಾ ನಾನು? ನಿಮ್ಮ ಪುಸ್ತಕನೇ ತಪ್ಪಿರ್ಬೇಕು. ಅದಕ್ಕೆ ಮೊದ್ಲು ನೀವು ಜ್ವರ ಅಂತ ಇಡೀ ದಿನ ಮಲಗಿರ್ಲಿಲ್ವಾ? ಗಂಜಿ ಕೊಟ್ಟಿದ್ನಲ್ಲ. ಅದನ್ನ ಬರ್ದಿದ್ದೀರಾ, ನೋಡಿ.”

ಬರೆದಿರಲಿಲ್ಲ. ಆ ವಾರ ಮಳೆಗೆ ಹೆದರಿ ತಾರೀಖು ಹಾಕದ ಬಿಡಿ ಹಾಳೆಗಳಲ್ಲಿ ಗುರುತು ಹಾಕಿಕೊಂಡು ಆಮೇಲೆ ಒಟ್ಟಿಗೆ ನಕಲು ಮಾಡಿದ್ದೆ. ಜ್ವರದ ದಿನಕ್ಕೆ ಪುಟ ಖಾಲಿ ಬಿಟ್ಟಿರಲಿಲ್ಲ. ಅಂದಮೇಲೆ ಆ ವಾರದ ಮುಂದಿನ ದಿನಗಳೆಲ್ಲ ಒಂದೊಂದು ದಿನ ಹಿಂದೆ ಸರಿದಿದ್ದವು. ಆದರೂ ಒಬ್ಬರ ಮಾತಿನ ಮೇಲೆ ತಾರೀಖು ತಿದ್ದುವುದು ಸರಿಯಲ್ಲವೆನಿಸಿತು. ಮುಂದಿನ ಬಸ್ಸಿಗೆ ಸಾಗರಕ್ಕೆ ಹೋದೆ. ನನ್ನ ಹೆಂಡತಿ ನಾನು ಬರೆದ ಕಾಗದಗಳನ್ನೆಲ್ಲ ತಂತಿಗೆ ಚುಚ್ಚಿಡುತ್ತಿದ್ದಳು. ಅವುಗಳಲ್ಲೊಂದರಲ್ಲಿ, ಇವತ್ತು ಜ್ವರ, ಬೆಟ್ಟಕ್ಕೆ ಹೋಗಿಲ್ಲ ಎಂದು ಬರೆದು ತಾರೀಖು ಹಾಕಿದ್ದೆ. ದಿನಚರಿಯಲ್ಲಿ ಅದೇ ತಾರೀಖಿನ ಕೆಳಗೆ ಅಳತೆಗಳಿದ್ದವು. ಅಮ್ಮ ಹೇಳಿದ್ದೇ ಸರಿ. ತಿಂಗಳ ಹಿಂದಿನ ಒಂದು ಲೋಟ ಗಂಜಿ ನನ್ನ ಪ್ರಬಂಧವನ್ನು ಉಳಿಸಿತು.

ದೀಪಾವಳಿಗೆ ಮುಂಚೆಯೇ ಮಾರ್ಗದರ್ಶಕರಿಗೆ ಎಲ್ಲವನ್ನೂ ಕಳಿಸಿದೆ. ಒಲವಿಲ್ಲದ ನಡಿಗೆ, ಒಲವುಳ್ಳ ನಡಿಗೆ, ಎರಡೂ ಒಂದೇ ಇಳಿಜಾರಿನಲ್ಲಿ, ಅವೇ ಹುಳುಗಳಲ್ಲಿ. ಬೇಕೆಂದು ಯೋಜಿಸಿದ್ದರೂ ಇಂಥ ಪ್ರಯೋಗ ನನ್ನಿಂದ ಆಗುತ್ತಿರಲಿಲ್ಲ.

ಹೀಗೆ ವಿಚಾರಿಸಿ ತಾಳೆ ನೋಡುವ ಅಭ್ಯಾಸ ಮುಂದೆಯೂ ಉಳಿಯಿತು. ಎಂಬತ್ತರ ದಶಕದಲ್ಲಿ ಸಾಗರದ ಹತ್ತಿರದ ಹೊಳೆಬಾಗಿಲಿನ ಹಿನ್ನೀರಿನಲ್ಲಿ, ನೀರಿಗೆ ಸೇರಿದ ವಸ್ತು ಹೇಗೆ ಹರಡುತ್ತದೆಂದು ತಿಳಿಯಲು ಮುಚ್ಚಿದ ಬಾಟಲಿಗಳನ್ನು ತೇಲಿಬಿಟ್ಟಿದ್ದೆವು. ನಕ್ಷೆ ಬಿಡಿಸುವ ಮೊದಲು ಅಲ್ಲಿ ಜನರನ್ನು ದಾಟಿಸುವ ಲಾಂಚಿನವರನ್ನು ವಿಚಾರಿಸಿದೆ. “ಎರಡು ನಮ್ಮನೇಲಿದಾವೆ ಸಾರ್, ಸೀಮೆಎಣ್ಣೆ ಹಾಕಿದೀವಿ. ವಾಪಸ್ ಬೇಕಿತ್ತಾ?” ಎಂದರು. ಬೇಡವೆಂದೆ. ಆ ಎರಡನ್ನು ಲೆಕ್ಕದಿಂದ ತೆಗೆದೆ.

ಅದಕ್ಕೂ ಮೊದಲು, ಬಸವನಹುಳುಗಳ ಪ್ರಬಂಧ ಒಪ್ಪಿಗೆಯಾದ ಮೇಲೆ ರಟ್ಟು ಕಟ್ಟಿಸಿದ ಪ್ರತಿಯನ್ನು ಅಮ್ಮನಿಗೆ ತೋರಿಸಲು ಒಯ್ದೆ. ಯಜಮಾನರು ಮೊದಲು ಅದರ ತೂಕ ನೋಡಿದರು. “ಕೊನೆಗೆ ಎಂತ ಗೊತ್ತಾಯ್ತು ಮೇಷ್ಟ್ರೇ? ಹುಳ ಎಲ್ಲಿಗೆ ಹೋಗ್ತಾವಂತೆ?”

“ಸರಾಸರಿ ನೋಡಿದರೆ ಎಲ್ಲಿಗೂ ಹೋಗುವುದಿಲ್ಲ.”

“ಇದನ್ನ ನಾನು ಮೊದಲ್ನೇ ದಿನವೇ ಹೇಳ್ತಿದ್ದೆ!”

ಅಮ್ಮ ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಬಂದು ಪುಸ್ತಕ ತೆಗೆದುಕೊಂಡರು. ಕೃತಜ್ಞತೆಯ ಪುಟದಲ್ಲಿ ಅವರ ಬಗ್ಗೆ ಬರೆದ ಸಾಲನ್ನು ಅರ್ಥ ಹೇಳಿ ಓದಿದೆ. ಅದಕ್ಕೆ ಸುಮ್ಮನೆ ತಲೆಯಾಡಿಸಿದರು. ಹಾಳೆ ಮಗುಚುತ್ತ ಹೋದವರು ನಾಟಿಯ ದಿನಗಳ ನಕ್ಷೆಯ ಹತ್ತಿರ ನಿಂತರು. ಅಡಿಗಂಟಿಕೊಂಡೇ ಸಾಗುವ ಗೆರೆ, ನಡುವೆ ಒಂದು ಕಡೆ ಮಾತ್ರ ಸೆಟೆದು ಮೇಲೇರಿ ಇಳಿದಿತ್ತು. ಬೆರಳನ್ನು ಅದರ ತುದಿಯ ಮೇಲಿಟ್ಟು ನನ್ನ ಕಡೆ ನೋಡಿದರು.

“ಇದು ಅಮಾವಾಸ್ಯೆ ಅಲ್ದಾ?”