ಚೀಲದ ತಳ ಮುಟ್ಟುವ ಧರೆಪ್ಪ

ಇಂಡಿ ಊರಿನ ನಿಂಬೆಹಣ್ಣಿನ ಪೇಟೆಗೆ ಧರೆಪ್ಪ ಬಂದನೆಂದರೆ ಮಾರುವವರ ಮುಖ ಹುಳ್ಳಗಾಗುತ್ತಿತ್ತು. ಬೇರೆ ವ್ಯಾಪಾರಿಗಳು ಚೀಲದ ಬಾಯಿ ಬಿಚ್ಚಿ, ಮೇಲಿನ ನಾಲ್ಕು ಹಣ್ಣು ಒತ್ತಿ ನೋಡಿ ದರ ಕೂಗುವರು. ಈ ಪುಣ್ಯಾತ್ಮ ಹಾಗಲ್ಲ. ಅಂಗಿಯ ತೋಳು ಮೇಲೇರಿಸಿ, ಕೈಯನ್ನು ಬಗಲಿನ ತನಕ ಚೀಲದೊಳಗೆ ಇಳಿಬಿಟ್ಟು ಕಣ್ಣು ಮುಚ್ಚಿ ನಿಲ್ಲುವನು. ತಳದ ಹಣ್ಣು ಕೊಳೆಯತೊಡಗಿದ್ದರೆ ಅಲ್ಲಿ ಬೆಚ್ಚಗಿರುತ್ತದೆ. “ಮ್ಯಾಲ ಬಸಪ್ಪ, ಒಳಗ ವಿಷಪ್ಪ,” ಎಂದು ಕೈ ಒರೆಸಿಕೊಂಡು ಮುಂದಿನ ಚೀಲಕ್ಕೆ ನಡೆದುಬಿಡುವನು.

ಈ ಸಂಶಯ ಪೇಟೆಯಲ್ಲೇ ಉಳಿದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಅದು ಅವನ ಹಿಂದೆಯೇ ಮನೆಗೂ ಬರುತ್ತಿತ್ತು. “ನಾ ಮಾಡಿದ ಸಾರಿನ ತಳಾನೂ ಕೆದಕಿ ನೋಡ್ತಾರವ್ವಾ,” ಎಂದು ಹೆಂಡತಿ ಶೆಟ್ಟೆವ್ವ ನೆರೆಯವರ ಮುಂದೆ ಹೇಳಿಕೊಳ್ಳುತ್ತಿದ್ದಳು. ಆದರೆ ಅವನನ್ನು ಪೂರ್ತಿ ಬೈಯಲೂ ಬಾರದು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ಆ ಸಾವಿರವನ್ನೂ ನಂಬಿ ಇವನೇ ಮುಂದೆ ನಿಂತು ತಂಗಿಯನ್ನು ಒಬ್ಬ ಎಂಜಿನಿಯರನಿಗೆ ಕೊಟ್ಟಿದ್ದ. ಆಮೇಲೆ ನೋಡಿದರೆ ಆ ಗಂಡಿಗೆ ಓದೂ ಇರಲಿಲ್ಲ, ನೌಕರಿಯೂ ಇರಲಿಲ್ಲ. ತಂಗಿ ತಿರುಗಿ ಬಂದು ಈಗಲೂ ಇದೇ ಮನೆಯಲ್ಲಿದ್ದಾಳೆ. ಉಣ್ಣುತ್ತಾಳೆ, ಕೆಲಸ ಮಾಡುತ್ತಾಳೆ, ನಗುವುದಿಲ್ಲ.

ಹೀಗಾಗಿ ಮಗಳು ಯಶೋಧಾಳ ಮದುವೆಯ ಮಾತು ಬಂದಾಗ ಧರೆಪ್ಪನ ಕೈ ಇನ್ನೂ ಆಳಕ್ಕೆ ಇಳಿಯಿತು. ಅವಳು ಸಿಂದಗಿಯ ಸಾಲಿಯಲ್ಲಿ ಟೀಚರು, ದಿನಾ ಬಸ್ಸಿಗೆ ಹೋಗಿ ಬರುವವಳು, ಮಾತು ಕಡಿಮೆ. ನೋಡಲು ಬಂದ ಮೊದಲ ಹುಡುಗ ಆಲಮೇಲದವನು. “ಭಾಳ ನಗತಾನ, ಏನೋ ಮುಚ್ಚಾಕತ್ತಾನ,” ಎಂದು ಧರೆಪ್ಪ ಬೇಡವೆಂದ. ಎರಡನೆಯವನ ಮನೆಗೆ ಹೊಸ ಬಣ್ಣ ಹೊಡೆಸಿದ್ದರು, ಅದೂ ಸಂಶಯವೇ. ಮೂರನೆಯವನು ಯಾರೂ ಕೇಳದೆ ತಾನು ಕುಡಿಯುವುದಿಲ್ಲ ಎಂದುಬಿಟ್ಟ. “ಕುಂಬಳಕಾಯಿ ಕಳ್ಳ ಅನ್ನೂಕಿಂತ ಮೊದಲ ಹೆಗಲ ಮುಟ್ಟಿ ನೋಡ್ಕೊಂಡ!” ಎಂದು ಧರೆಪ್ಪ ಅವನನ್ನೂ ಕಳಿಸಿಕೊಟ್ಟ. ಯಶೋಧಾ ಮೂರೂ ಸಲ ಚಹದ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು.

ಆಮೇಲೆ ಬಸವನ ಬಾಗೇವಾಡಿಯ ಬಸಣ್ಣ, ದೂರದ ಸಂಬಂಧಿ, ಒಂದು ವರ ತಂದ. ಹುಡುಗ ಮುದ್ದೇಬಿಹಾಳದ ಸಂಜೀವಕುಮಾರ, ರಜೆಗೆ ಊರಿಗೆ ಬಂದಿದ್ದವನು.

“ಏನ್ ಮಾಡ್ತಾನ?”

“ಗೋವಾದಾಗ ನೌಕರಿ. ದಕ್ಷಿಣ ಧ್ರುವದಾಗ ಬರ್ಫ ಐತೆಲ್ಲ, ಅದರ ತಳದಾಗ ಭೂಮಿ ಬಿಸಿ ಎಷ್ಟೈತಿ ಅಂತ ಅಳೀತಾನ.”

“ಅಲ್ಲಿಗೆ ಹೋಗಿ?”

“ಇಲ್ಲೋ ಮಾರಾಯಾ, ಇಲ್ಲೇ ಕುಂತು. ಉಪಗ್ರಹ ಕಳಸೂ ಲೆಕ್ಕ ಹಿಡದು.”

ಧರೆಪ್ಪ ಬಸಿಯಲ್ಲಿ ಹುಯ್ದುಕೊಂಡ ಚಹ ಕುಡಿಯದೆ ಕೆಳಗಿಟ್ಟ. ಬರ್ಫದ ಕೆಳಗೆ ಬಿಸಿಯಂತೆ! ಅದನ್ನು ಆಕಾಶದಿಂದ ನೋಡುವುದಂತೆ! ಎಂಜಿನಿಯರ್ ಎಂದು ಹೇಳಿದವನಾದರೂ ವಾಸಿ, ಇವನ ಸುಳ್ಳಿಗೆ ಬುಡವೂ ಇಲ್ಲ, ತುದಿಯೂ ಇಲ್ಲ. ಆದರೂ ಇವನ ಬಣ್ಣ ಬಯಲು ಮಾಡಿಯೇ ಬರುತ್ತೇನೆಂದು ಬಸಣ್ಣನನ್ನು ಕರೆದುಕೊಂಡು ಮುದ್ದೇಬಿಹಾಳಕ್ಕೆ ಹೊರಟ.

ಬಸ್ಸಿಳಿದವನೇ, ಬಸಣ್ಣನನ್ನು ಅಲ್ಲೇ ನಿಲ್ಲಿಸಿ, ಸಿಕಂದರನೆಂಬವನ ಚಹದಂಗಡಿಯಲ್ಲಿ ಯಾರೋ ದಾರಿಹೋಕನಂತೆ ಹುಡುಗನ ಬಗ್ಗೆ ವಿಚಾರಿಸಿದ.

“ಹುಡುಗ ಬಂಗಾರ ರೀ,” ಎಂದ ಸಿಕಂದರ. “ಆದ್ರ ಏನ್ ಕೆಲಸ ಮಾಡ್ತಾನ ಅಂತ ಕೇಳಬ್ಯಾಡ್ರಿ. ಅವರಪ್ಪಗೂ ತಿಳದಿಲ್ಲ.”

ಹತ್ತಿತಲ್ಲ ವಾಸನೆ, ಎಂದುಕೊಂಡ ಧರೆಪ್ಪ.

ಮನೆಯಲ್ಲಿ ಹುಡುಗ ನಮಸ್ಕಾರ ಮಾಡಿ ಎದುರಿಗೆ ಕೂತ. ಕಂಪ್ಯೂಟರು ತೆರೆದು ಕೆಂಪು-ನೀಲಿ ನಕಾಶೆ ತೋರಿಸಲು ಹೋದ.

“ಚಿತ್ರ ಬ್ಯಾಡ ತಮ್ಮಾ. ಬಾಯಿಲೆ ಹೇಳು.”

“ಕಲ್ಲಿನಾಗ ಒಂದೀಟ ಚುಂಬಕದ ಗುಣ ಇರತೈತ್ರಿ ಕಾಕಾರ. ಭಾಳ ಕಾದ್ರ ಆ ಗುಣ ಹೋಗತೈತಿ. ನೆಲದಾಗಿನ ಆ ಚುಂಬಕದ ಬಲಾ ಉಪಗ್ರಹಕ್ಕ ಮ್ಯಾಲಿಂದ ತಿಳಿತೈತ್ರಿ. ಅದು ಎಷ್ಟು ಆಳದ ಮಟಾ ಐತಿ ಅಂತ ನಾವು ಲೆಕ್ಕ ಹಾಕ್ತೇವಿ. ಸ್ವಲ್ಪ ಆಳದಾಗ ಮುಗೀತಂದ್ರ, ಬಿಸಿ ಸಮೀಪ ಐತಿ ಅಂತ ತಿಳ್ಕೊಳ್ಳೂದು.”

“ಬಿಸಿ ಇದ್ರೇನು, ಇರದಿದ್ರೇನು?”

“ತಳ ಬೆಚ್ಚಗಿದ್ರ ಬರ್ಫ ಕೆಳಗಿಂದ ಕರಗಿ ಜಾರತೈತ್ರಿ. ಜಾರಿ ಸಮುದ್ರಕ್ಕ ಬಿದ್ರ ನೀರು ಏರತೈತಿ.”

ತಳ ಬೆಚ್ಚಗಿದ್ದರೆ! ಈ ಮಾತು ಧರೆಪ್ಪನಿಗೆ ತನ್ನ ಪೇಟೆಯದೇ ಅನಿಸಿತು. ಅದಕ್ಕೇ ಇನ್ನಷ್ಟು ಹುಷಾರಾದ. ತನ್ನ ನಿಂಬೆಹಣ್ಣಿನ ಕಸುಬನ್ನು ಬಸಣ್ಣ ಮೊದಲೇ ಹೇಳಿ ಹುಡುಗನಿಗೆ ಪಾಠ ಮಾಡಿಸಿರಬಹುದಲ್ಲವೆ?

“ನೀ ಆ ತಳಕ್ಕ ಕೈ ಹಾಕಿ ನೋಡೀಯೇನು?”

“ಇಲ್ರಿ.”

“ಬ್ಯಾರೆ ಯಾರರೆ?”

“ಕೆಲವೊಂದು ಕಡೆ ತಳದ ಮಟಾ ತೂತು ಕೊರದಾರ್ರಿ. ಅದೂ ಭಾಳ ಕಮ್ಮಿ.”

“ಅಂದ್ರ ನಿನ್ನ ಲೆಕ್ಕ ಖರೇನೋ ಸುಳ್ಳೋ?”

ಈಗ ಬರುತ್ತದೆ ಎಂದು ಧರೆಪ್ಪ ಕಾದ. ಪೇಟೆಯಲ್ಲಿ ಕೊಳೆತ ಚೀಲ ತಂದವನೇ ಮಕ್ಕಳ ಮೇಲೆ ಆಣೆ ಇಟ್ಟು ಜೋರಾಗಿ ಕೂಗುವುದು. ಹುಡುಗ ತಲೆ ಕೆರೆದುಕೊಂಡ.

“ಅದು ಅಂದಾಜ್ರಿ ಕಾಕಾರ. ಒಬ್ಬರ ನಕಾಶಿಯೊಳಗ ಬಿಸಿ ಇದ್ದ ಜಾಗಾ ಇನ್ನೊಬ್ಬರದರಾಗ ತಣ್ಣಗ ಇರತೈತಿ. ಹ್ವಾದ ವರ್ಷ ನಾನ ಒಂದ ಕಡೆ ತಪ್ಪಿದ್ದೆ. ತಪ್ಪೈತಿ ಅಂತ ನಾನ ಹೇಳೇನಿ.”

“ಲೇ, ಹೆಣ್ಣಿನವರ ಮುಂದ ಹಿಂಗ ಹೇಳ್ತಾರೇನಲೇ ಖೋಡಿ!” ಎಂದು ಅವನಪ್ಪ ಮೂಲೆಯಿಂದ ಗದರಿದ. ಬಸಣ್ಣನಂತೂ ಕೈಲೆ ಹಣೆ ಹಿಡಿದುಕೊಂಡು ಕೂತ. ಅವರಿಬ್ಬರ ಗಾಬರಿ ನೋಡಿ ಧರೆಪ್ಪನಿಗೆ ಖಾತ್ರಿಯಾಯಿತು, ಇದು ಕಲಿಸಿ ಕೊಟ್ಟ ಮಾತಲ್ಲ. ತಳ ನಾನು ನೋಡಿಲ್ಲ ಎಂದು ಒಪ್ಪಿಕೊಂಡ ಮಾರಾಟಗಾರನನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಈ ಚೀಲ ಆದೀತು ಎಂದುಕೊಂಡು ಏಳಲು ಧೋತರ ಸರಿಮಾಡಿಕೊಂಡ.

“ಕಾಕಾರ, ನಂದೂ ಒಂದ ಕೇಳೂದೈತಿ,” ಎಂದ ಹುಡುಗ. “ಯಶೋಧಾ ಅವರಿಗೆ ಈ ಮದುವಿ ಮನಸಿಗೆ ಐತೇನ್ರಿ?”

ಧರೆಪ್ಪ ಬಾಯಿ ತೆರೆದ. ಹೊರಟದ್ದು ಒಂದೇ ಮಾತು.

“ಅಂದಾಜ ಐತಿ.”

ಯಾರೂ ನಗಲಿಲ್ಲ. ಧರೆಪ್ಪನ ಕಿವಿ ಬಿಸಿಯಾದವು. ದಾರಿಯುದ್ದಕ್ಕೂ ಹುಡುಗನ ಪ್ರಶ್ನೆಯನ್ನೇ ಮನಸ್ಸಿನಲ್ಲಿ ತಿರುವಿಹಾಕಿದ. ಬಾಗೇವಾಡಿಯಲ್ಲಿ ಬಸಣ್ಣ ಇಳಿದುಹೋದದ್ದೂ ಇವನಿಗೆ ಗೊತ್ತಾಗಲಿಲ್ಲ.

ಮನೆಗೆ ಬಂದಾಗ ಯಶೋಧಾ ಆಗಷ್ಟೇ ಸಿಂದಗಿಯಿಂದ ಬಂದು ಕಾಲು ತೊಳೆಯುತ್ತಿದ್ದಳು.

“ಯವ್ವಾ, ನಿನಗ ಮನಸೈತೇನು?”

ಅವಳು ತಂಬಿಗೆ ಕೆಳಗಿಟ್ಟಳು. “ಯಾರ ಮ್ಯಾಲ ಕೇಳಾಕತ್ತಿ ಅಪ್ಪಾ? ಇವನ ಮ್ಯಾಲೋ, ಆಲಮೇಲದಾಂವನ ಮ್ಯಾಲೋ?”

“ಅವನ ಮಾತ್ಯಾಕ ಈಗ?”

“ಅಂವ ನನಗ ಮನಸಿಗೆ ಬಂದಿದ್ದ. ಭಾಳ ನಗತಾನ ಅಂತ ನೀ ಬ್ಯಾಡ ಅಂದಿ. ಈ ಮನ್ಯಾಗ ಅತ್ತಿ ನಗೂದು ಬಿಟ್ಟಾಗಿಂದ ಯಾರು ನಕ್ಕಾರ ಹೇಳು? ನನಗ ಅವನ ಆ ನಗೂನ ಬೇಕಾಗಿತ್ತು.”

“ಮತ್ತ ಬಾಯಿ ಬಿಟ್ಟು ಯಾಕ ಹೇಳಲಿಲ್ಲ?”

“ನೀ ಕೇಳಲಿಲ್ಲ.”

ಧರೆಪ್ಪ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತ. ಊರಿನ ಚೀಲಗಳ ತಳವನ್ನೆಲ್ಲ ಮುಟ್ಟಿದ್ದ, ಮನೆಯಲ್ಲಿ ಮಗಳ ಮೌನವನ್ನು ಒಪ್ಪಿಗೆ ಎಂದುಕೊಂಡು ವರ್ಷ ಕಳೆದಿದ್ದ.

“ಈ ಮುದ್ದೇಬಿಹಾಳದಾಂವನ್ನ ಕರಸು,” ಎಂದಳು ಯಶೋಧಾ, ಸೆರಗಿನಿಂದ ಮುಖ ಒರೆಸಿಕೊಂಡು. “ಈ ಸಲ ನಾ ಮಾತಾಡ್ತೇನಿ. ನೀ ಹೊರಗ ಕುಂದ್ರು.”

ರವಿವಾರ ಸಂಜೀವಕುಮಾರ ಬಂದ. ಯಶೋಧಾ ಅವನೊಂದಿಗೆ ಪಡಸಾಲೆಯಲ್ಲಿ ಕೂತಳು, ಬಾಗಿಲು ಅರ್ಧ ಮುಚ್ಚಿದರು. ಧರೆಪ್ಪ ಹೊರಗೆ ಕಟ್ಟೆಯ ಮೇಲೆ. ಒಳಗೆ ಏನು ಮಾತೋ, ಎಷ್ಟು ಮಾತೋ, ಒಂದೂ ಕೇಳಿಸದು. ಎರಡು ಸಲ ಎದ್ದ.

“ಬಾಗಲಕ್ಕ ಕಿವಿ ಹಚ್ಚಿದ್ರ ನೋಡ್ರಿ ಮತ್ತ!” ಎಂದು ಶೆಟ್ಟೆವ್ವ ಚಹ ಕೊಟ್ಟು ಪಕ್ಕದಲ್ಲೇ ಕಾವಲು ಕೂತಳು.

ಅಷ್ಟರಲ್ಲಿ ಒಳಗಿನಿಂದ ನಗು ಕೇಳಿಸಿತು. ದೊಡ್ಡ ನಗು, ಹೆಂಗಸಿನದು, ತಡೆದರೂ ನಿಲ್ಲದ್ದು. ಧರೆಪ್ಪ ಬೆಚ್ಚಿ ತಿರುಗಿದ. ಹುಡುಗನ ಕಡೆಯವರು ಯಾರಾದರೂ ಹಿತ್ತಿಲಿನಿಂದ ಒಳಗೆ ಬಂದರೇ?

“ಯಾರದಾರ ಒಳಗ?” ಎಂದು ಸಂಶಯದಿಂದ ಕೇಳಿದ.

ಶೆಟ್ಟೆವ್ವ ಗಂಡನ ಮುಖವನ್ನೇ ನೋಡಿದಳು.

“ನಿಮ್ಮ ಮಗಳ್ರಿ,” ಎಂದಳು.